ಮಾರ್ಚ್ ಕೊನೆಯಲ್ಲಿ ಬಂದಿಳಿಯುವ ಮಾಲು

ಪ್ರಶ್ನೆ: ನಾನು ಮಿಕ್ಸರ್, ಕುಕ್ಕರ್‌ಗಳ ಸಗಟು ವಿತರಕ. ಪ್ರತಿವರ್ಷ ಮಾರ್ಚ್ ಕೊನೆಯ ವಾರದಲ್ಲಿ ಕಂಪನಿಯವರು ನಾನು ಕೇಳಿದ್ದಕ್ಕಿಂತ ಮೂರು ಪಟ್ಟು ಮಾಲನ್ನು ಗೋದಾಮಿಗೆ ಇಳಿಸಿ, ಖರ್ಚಾಗದೆ ಉಳಿದದ್ದನ್ನು ಏಪ್ರಿಲ್‌ನಲ್ಲಿ ವಾಪಸ್ ಒಯ್ಯುವುದಾಗಿ ಹೇಳುತ್ತಾರೆ. ನನಗೇನೂ ನಷ್ಟವಿಲ್ಲ. ಇದರಲ್ಲಿ ತಪ್ಪಿದೆಯೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ವರ್ಷಾಂತ್ಯದಲ್ಲಿ ರಿಯಾಯಿತಿ ಕೊಟ್ಟು ಹೆಚ್ಚು ಮಾಲು ಮಾರುವುದು ತಪ್ಪಲ್ಲ; ವ್ಯಾಪಾರದಲ್ಲಿ ಅದು ಇದ್ದದ್ದೇ. ತಪ್ಪಿರುವುದು ಬಿಲ್ಲಿನಲ್ಲಿ ಕಾಣದ ಆ ಬಾಯಿಮಾತಿನಲ್ಲಿ. ಮಾಲು ನಿಮ್ಮ ಗೋದಾಮಿನಲ್ಲಿದ್ದರೂ ಅದು ಉಳಿದುಹೋಗುವ ಹೊಣೆ ಕಂಪನಿಯದೇ ಆಗಿರುವಾಗ, ಮಾರ್ಚ್ 31ರಂದು ಅಷ್ಟನ್ನೂ ಆದಾಯವೆಂದು ತೋರಿಸುವಂತಿಲ್ಲ. ಷೇರುಪೇಟೆಯ ಕಂಪನಿಗಳಿಗೆ 2018ರ ಏಪ್ರಿಲ್‌ನಿಂದ ಅನ್ವಯವಾಗಿರುವ ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ಮಾನದಂಡದ ಪ್ರಕಾರ, ಹಿಂತಿರುಗಿ ಬರಬಹುದಾದ ಮಾಲಿನ ಮೊತ್ತವನ್ನು ಅಂದಾಜು ಮಾಡಿ ಆದಾಯದಿಂದ ಹೊರಗಿಡಬೇಕು.

ಅಮೆರಿಕದ ಸನ್‌ಬೀಮ್ ಕಂಪನಿಯ ಕಥೆ ನಿಮ್ಮ ವ್ಯಾಪಾರಕ್ಕೆ ಹತ್ತಿರದ್ದು. ಅದೂ ಮಿಕ್ಸರ್ ಮತ್ತು ಗ್ರಿಲ್ ಎಂಬ ಸುಡುವ ಒಲೆಗಳನ್ನು ಮಾರುತ್ತಿತ್ತು. 1996ರಲ್ಲಿ ಅದರ ಚುಕ್ಕಾಣಿ ಹಿಡಿದ ಆಲ್ಬರ್ಟ್ ಡನ್‌ಲ್ಯಾಪ್ ಅವರ ಕಾಲದಲ್ಲಿ, ಮುಖ್ಯವಾಗಿ ಬೇಸಿಗೆಯಲ್ಲಿ ಬಿಕರಿಯಾಗುವ ಗ್ಯಾಸ್ ಗ್ರಿಲ್‌ಗಳಿಗೆ 1997ರ ಕೊನೆಯ ತಿಂಗಳುಗಳಲ್ಲೇ ಬಿಲ್ ಹಾಕಲಾಯಿತು. ಅಂಗಡಿಯವರಿಗೆ ರಿಯಾಯಿತಿಯೂ ಉಂಟು, ಹಣ ಕೊಡಲು ತಿಂಗಳುಗಟ್ಟಲೆ ಗಡುವೂ ಉಂಟು. ಗ್ರಿಲ್ ಮಾತ್ರ ಅವರ ಅಂಗಡಿಗೆ ಹೋಗುವ ಗೋಜೇ ಇರಲಿಲ್ಲ, ಮಾರಿದವರ ಉಸ್ತುವಾರಿಯ ಗೋದಾಮಿನಲ್ಲೇ ಕೂತಿತ್ತು! ಆ ವರ್ಷ ತೋರಿಸಿದ 18.9 ಕೋಟಿ ಡಾಲರ್ ಲಾಭದಲ್ಲಿ ಕನಿಷ್ಠ 6 ಕೋಟಿ ವಂಚನೆಯದೆಂದು ಅಲ್ಲಿನ ಷೇರು ನಿಯಂತ್ರಣ ಆಯೋಗ ಆರೋಪಿಸಿತು. ಮುಂಚಿತವಾಗಿ ತುಂಬಿಸಿದ ಮಾಲು ಮರುವರ್ಷದ ಬೇಡಿಕೆಯನ್ನು ನುಂಗಿದ್ದರಿಂದ 1998ರಲ್ಲಿ ಮಾರಾಟ ಕುಸಿಯಿತು, ಜೂನ್‌ನಲ್ಲಿ ಡನ್‌ಲ್ಯಾಪ್ ಹುದ್ದೆ ಕಳೆದುಕೊಂಡರು, 2001ರ ಫೆಬ್ರವರಿಯಲ್ಲಿ ಕಂಪನಿ ದಿವಾಳಿ ರಕ್ಷಣೆ ಕೋರಿತು. ತಪ್ಪನ್ನು ಒಪ್ಪದೆಯೂ ಅಲ್ಲಗಳೆಯದೆಯೂ 2002ರಲ್ಲಿ ಡನ್‌ಲ್ಯಾಪ್ 5 ಲಕ್ಷ ಡಾಲರ್ ದಂಡ ತೆತ್ತರು.

ಇಂಥ ಲೆಕ್ಕವನ್ನು ಹೊರಗಿನವರೂ ಗುರುತಿಸಬಹುದು: ಮಾರಾಟಕ್ಕಿಂತ ಗಿರಾಕಿಗಳಿಂದ ಬರಬೇಕಾದ ಬಾಕಿ ವೇಗವಾಗಿ ಏರುತ್ತದೆ, ಲಾಭ ಹೆಚ್ಚಿದರೂ ಕೈಗೆ ನಗದು ಬರುವುದಿಲ್ಲ, ಏಪ್ರಿಲ್‌ನಲ್ಲಿ ವಾಪಸ್ ಬಂದ ಮಾಲಿನ ಮೊತ್ತವನ್ನು ಬಾಕಿಯಿಂದ ಕಳೆಯುವ ಕ್ರೆಡಿಟ್ ನೋಟ್‌ಗಳ ಸಾಲೇ ಕಾಣುತ್ತದೆ.

ನಷ್ಟವಿಲ್ಲ ಎಂದಿದ್ದೀರಿ. ಆದರೆ ಕಂಪನಿಯ ಲೆಕ್ಕಪರಿಶೋಧಕರು ಮಾರ್ಚ್ 31ರ ಬಾಕಿಯನ್ನು ದೃಢೀಕರಿಸುವಂತೆ ನಿಮಗೆ ಪತ್ರ ಕಳುಹಿಸಬಹುದು. ವಾಪಸಾತಿಯ ಮಾತನ್ನು ಮುಚ್ಚಿಟ್ಟು ಅದಕ್ಕೆ ಸಹಿ ಹಾಕಿದರೆ ನೀವೂ ಆ ಲೆಕ್ಕದ ಪಾಲುದಾರರಾಗುತ್ತೀರಿ. ಆದ್ದರಿಂದ ವಾಪಸಾತಿಯ ಷರತ್ತನ್ನು ಈಗಲೇ ಲಿಖಿತವಾಗಿ ಪಡೆದು, ಪತ್ರ ಬಂದಾಗ ಅದರ ಪ್ರತಿಯನ್ನು ಉತ್ತರದ ಜೊತೆ ಲಗತ್ತಿಸಿ. ಕಂಪನಿಯವರು ಬರೆದುಕೊಡಲು ಒಪ್ಪದಿದ್ದರೆ ಕೇಳಿದಷ್ಟು ಮಾಲನ್ನು ಮಾತ್ರ ಇಳಿಸಿಕೊಂಡು ಉಳಿದದ್ದನ್ನು ಅದೇ ಲಾರಿಯಲ್ಲಿ ಹಿಂದಕ್ಕೆ ಕಳುಹಿಸಿ.