ಹಳೇ ಟ್ರಾವೆಲ್ ಟ್ರೈಲರ್‌ಗೆ ಯಾವ ಬ್ರೇಕ್ ಕಂಟ್ರೋಲರ್ ಒಳ್ಳೇದು, ಗೇನ್ ಎಷ್ಟಕ್ಕೆ ಇಡಬೇಕು?

ಹಳೇ ಫೋರ್ಡ್ ಎಫ್-150 ಪಿಕಪ್, ಎರಡು ಆಕ್ಸಲ್‌ನ ಸೆಕೆಂಡ್ ಹ್ಯಾಂಡ್ ಟ್ರೈಲರ್, ‘ಕಡಿಮೆ ಬೆಲೆಯ ಟೈಮ್ ಡಿಲೇ ಸಾಕಾ, ಪ್ರಪೋರ್ಷನಲ್ಲೇ ಬೇಕಾ, ಗೇನ್ 5ಕ್ಕೆ ಇಡಲಾ 7ಕ್ಕೆ ಇಡಲಾ’. ನಿಮ್ಮ ಪ್ರಶ್ನೆಯನ್ನು ಹೆಂಡತಿಗೆ ತೋರಿಸಿದೆ. ‘ಇದು ನೀವೇ ಬರೆದಿದ್ದಲ್ವಾ?’ ಅಂದಳು. ನೀವು ಟೆಕ್ಸಾಸ್, ನಾನು ಡೆನ್ವರ್ ಪಕ್ಕದ ಅರೋರಾ. ನನ್ನ ಗಾಡಿ ಟೊಯೊಟಾ ಟುಂಡ್ರಾ ಪಿಕಪ್. ಉಳಿದದ್ದೆಲ್ಲ ಅದೇ. ಹೊಸಬರಿಗೆ ಒಂದು ಮಾತು: ಕಂಟ್ರೋಲರ್ ಅಂದರೆ ನಾವು ಬ್ರೇಕ್ ಒತ್ತಿದಾಗ ಟ್ರೈಲರ್‌ನ ಎಲೆಕ್ಟ್ರಿಕ್ ಬ್ರೇಕ್‌ಗೆ ಕರೆಂಟು ಕಳಿಸುವ ಪುಟ್ಟ ಡಬ್ಬಿ, ಗೇನ್ ಅಂದರೆ ಎಷ್ಟು ಜೋರಾಗಿ ಕಳಿಸಬೇಕು ಅನ್ನುವ ಅಂಕಿ. ಟೈಮ್ ಡಿಲೇ, ಪ್ರಪೋರ್ಷನಲ್ ಅದರ ಎರಡು ಬಗೆ, ಆಮೇಲೆ ಹೇಳ್ತೀನಿ.

ಕಂಟ್ರೋಲರ್ ಕೂರಿಸುವುದು ಕಷ್ಟವೇ ಅಲ್ಲ. ನನ್ನ ಗಾಡಿಯ ಡ್ಯಾಶ್ ಕೆಳಗೆ ಕಂಪನಿಯವರೇ ಬಿಟ್ಟಿದ್ದ ಸಾಕೆಟ್ ಇತ್ತು. ಅದಕ್ಕೆ ಹೊಂದುವ ಹಾರ್ನೆಸ್ (ಪ್ಲಗ್ ಇರುವ ವೈರಿನ ಕಟ್ಟು) ತಂದು ಸಿಕ್ಕಿಸಿದೆ, ಬ್ರಾಕೆಟ್‌ಗೆ ಎರಡು ಸ್ಕ್ರೂ ಹಾಕಿದೆ, ಮುಗಿಯಿತು. ಟೀ ಆರುವುದರೊಳಗೆ ಆಗಿಹೋದ ಕೆಲಸ. ಸುಲಭವಾಗಿ ಆಗಿದ್ದೇ ತಪ್ಪಾಯಿತು ಅನ್ನಬೇಕು, ಉಳಿದದ್ದೂ ಹಾಗೇ ಇರುತ್ತದೆ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಲಾಟ್‌ಗೆ ಹೋಗಿ 20 ಮೈಲಿ ವೇಗದಲ್ಲಿ ಕಂಟ್ರೋಲರ್‌ನ ಲಿವರ್ ಅದುಮಿದೆ. ಕಾಲು ಬ್ರೇಕ್ ಮೇಲೆ ಇಡಬಾರದು, ಟ್ರೈಲರ್ ಬ್ರೇಕ್ ಒಂದೇ ಹಿಡಿಯಬೇಕು, ಅದೇ ಪರೀಕ್ಷೆ. ಟ್ರೈಲರ್ ಹಿಂದಿನಿಂದ ಜಗ್ಗಬೇಕಿತ್ತು. ಜಗ್ಗಲೇ ಇಲ್ಲ. ಗೇನ್ ಏರಿಸಿದೆ. ಸ್ವಲ್ಪ ಹಿಡಿದ ಹಾಗಾಯಿತು. ಇನ್ನೂ ಏರಿಸಿದೆ. ಏರಿಸಿ ಏರಿಸಿ ಕೊನೇ ಅಂಕಿಗೇ ತಂದೆ. ಪರದೆ ಮೇಲೆ 12 ವೋಲ್ಟ್‌ಗೂ ಮೇಲೆ ತೋರಿಸುತ್ತಿತ್ತು. ಹಳೇ ಟ್ರೈಲರ್, ಸ್ವಲ್ಪ ಮೊಂಡು, ಇರಲಿ ಬಿಡು ಅಂತ ಹೊರಟೆವು.

ಡೆನ್ವರ್‌ನಿಂದ ಬೆಟ್ಟ ಹತ್ತಿ ಹೋಗುವ ಹೈವೇ ಐ-70 ಗೊತ್ತಿದೆಯಲ್ಲ. ಐಸೆನ್‌ಹೋವರ್ ಟನಲ್ 11,000 ಅಡಿಗೂ ಮೇಲಿದೆ. ಅಲ್ಲಿಂದ ಸಿಲ್ವರ್‌ಥಾರ್ನ್ ಕಡೆಗೆ ಶೇಕಡ 7ರ ಇಳಿಜಾರು. ಬ್ರೇಕ್ ಕೈಕೊಟ್ಟ ಟ್ರಕ್ಕುಗಳು ನುಗ್ಗಲಿ ಅಂತ ಪಕ್ಕದಲ್ಲಿ ಜಲ್ಲಿ ತುಂಬಿದ ರ‍್ಯಾಂಪ್ ಬೇರೆ ಮಾಡಿಟ್ಟಿದ್ದಾರೆ. ಅರ್ಧ ಇಳಿಯುವಷ್ಟರಲ್ಲಿ ಗಾಡಿಯ ಬ್ರೇಕ್‌ನಿಂದ ಸುಟ್ಟ ವಾಸನೆ ಬರತೊಡಗಿತು. ಶಿರಾಡಿ ಘಾಟ್‌ನಲ್ಲಿ ಲಾರಿ ಓಡಿಸುತ್ತಿದ್ದ ನಮ್ಮ ಮಾವ ಹೇಳುತ್ತಿದ್ದರು, ಹತ್ತುವ ಗೇರಲ್ಲೇ ಇಳೀಬೇಕು ಅಂತ. ಗೇರ್ ಇಳಿಸಿದೆ. ಹೇಗೋ ಕೆಳಗೆ ಬಂದೆವು. ಟ್ರೈಲರ್ ಚಕ್ರದ ಡ್ರಮ್ ಮುಟ್ಟಿ ನೋಡಿದರೆ ಉಗುರುಬೆಚ್ಚಗೆ ಇತ್ತು. ಇಡೀ ಇಳಿಜಾರಿನಲ್ಲಿ ಅದು ಕೆಲಸವನ್ನೇ ಮಾಡಿರಲಿಲ್ಲ.

ಮನೆಗೆ ಬಂದ ಮೇಲೆ ಮಲ್ಟಿಮೀಟರ್ ಹಿಡಿದು ಟ್ರೈಲರ್ ಅಡಿಗೆ ನುಗ್ಗಿದೆ. ಹೆಂಡತಿ ಗಾಡಿಯೊಳಗೆ ಕೂತು ಲಿವರ್ ಅದುಮಿದಳು. ಪರದೆಯಲ್ಲಿ 12. ಚಕ್ರದ ಹತ್ತಿರ ಅದರ ಅರ್ಧ. ಆಗ ತಲೆಗೆ ಹೋಯಿತು. ಆ ಪರದೆ ತೋರಿಸುವುದು ಕಂಟ್ರೋಲರ್ ಎಷ್ಟು ಕಳಿಸಿತು ಅಂತ, ಚಕ್ರಕ್ಕೆ ಎಷ್ಟು ತಲುಪಿತು ಅಂತ ಅಲ್ಲ. ಮನಿಯಾರ್ಡರ್ ಕಳಿಸಿದ ರಸೀದಿ ಇದ್ದ ಹಾಗೆ.

ಉಳಿದರ್ಧ ಹೋಗುತ್ತಿದ್ದದ್ದು ಅರ್ತ್‌ನಲ್ಲಿ. ಟ್ರೈಲರ್ ಮುಂದೆ ತ್ರಿಕೋನದ ಫ್ರೇಮ್ ಇರುತ್ತದಲ್ಲ, ಅಲ್ಲಿ ಬಿಳಿ ವೈರುಗಳನ್ನೆಲ್ಲ ಒಟ್ಟು ಸೇರಿಸಿ ಒಂದೇ ಸ್ಕ್ರೂಗೆ ಬಿಗಿದಿದ್ದರು. ಸ್ಕ್ರೂ ತುಂಬ ತುಕ್ಕು, ವೈರಿನ ತುದಿಗೆ ಹಸಿರು ಪುಡಿ. ಒಂದೊಂದು ಚಕ್ರದಲ್ಲಿ ಬ್ರೇಕ್ ಹಿಡಿಸುವ ಮ್ಯಾಗ್ನೆಟ್‌ಗೆ ಸುಮಾರು 3 ಆಂಪ್ಸ್ ಬೇಕು, ನಾಲ್ಕು ಚಕ್ರ ಅಂದರೆ 12. ಅಷ್ಟೂ ಕರೆಂಟು ಆ ತುಕ್ಕಿನ ಮೂಲಕವೇ ವಾಪಸ್ ಬರಬೇಕು. ವೈರ್ ಬ್ರಶ್‌ನಲ್ಲಿ ಕಬ್ಬಿಣ ಹೊಳೆಯುವ ತನಕ ಉಜ್ಜಿ, ಹೊಸ ಟರ್ಮಿನಲ್ ಹಾಕಿ, ಗ್ರೀಸ್ ಬಳಿದೆ. ಮತ್ತೆ ಮೀಟರ್ ಇಟ್ಟರೆ ಚಕ್ರದ ಹತ್ತಿರವೂ 12ರ ಹತ್ತಿರ ಬಂತು. ಖುಷಿಯೋ ಖುಷಿ.

ಈಗ ದುಡ್ಡು ಕಳೆದ ಕಥೆ. ಸ್ವಲ್ಪ ಉದ್ದ ಇದೆ, ಆದರೆ ನೀವು ಇದನ್ನೇ ಓದಬೇಕು.

ಗೇನ್ ಇನ್ನೂ ಕೊನೇ ಅಂಕಿಯಲ್ಲೇ ಇತ್ತು. ಇಂಜಿನ್ ಆಫ್ ಮಾಡಿದರೆ ಅದೇನು ಅಳಿಸಿಹೋಗುವುದಿಲ್ಲ, ಕಂಟ್ರೋಲರ್ ನೆನಪಿಟ್ಟುಕೊಳ್ಳುತ್ತದೆ. ನಾನು ಅರ್ತ್ ಸರಿಮಾಡಿದ್ದನ್ನು ರಿಪೇರಿ ಅಂದುಕೊಂಡೆ, ಸೆಟ್ಟಿಂಗ್ ಬದಲಾಯಿಸಿದ ಹಾಗೆ ಅಂದುಕೊಳ್ಳಲಿಲ್ಲ. ನಿಜ ಏನೆಂದರೆ, ಹತ್ತಿರ ಹತ್ತಿರ ಎರಡು ಪಟ್ಟು ಬ್ರೇಕ್ ಕೂರಿಸಿದ್ದೆ, ಗೇನ್ ಬಟನ್ ಮುಟ್ಟದೆ. ಸಾಲದ್ದಕ್ಕೆ ಮೊದಲು ಪರೀಕ್ಷೆ ಮಾಡಿದಾಗ ಟ್ರೈಲರ್‌ನಲ್ಲಿ ನೀರಿನ ಟ್ಯಾಂಕ್ ತುಂಬಿತ್ತು, ಸಾಮಾನೆಲ್ಲ ಇತ್ತು. ಈಗ ಟ್ಯಾಂಕ್ ಖಾಲಿ, ಸಾಮಾನೂ ಇಲ್ಲ. ಹಗುರವಾದ ಟ್ರೈಲರ್‌ಗೆ ಕಡಿಮೆ ಬ್ರೇಕ್ ಸಾಕು, ಜಾಸ್ತಿ ಕೊಟ್ಟರೆ ಚಕ್ರ ಲಾಕ್ ಆಗುತ್ತದೆ. ಎರಡೂ ಒಂದೇ ದಿಕ್ಕಿಗೆ ತಳ್ಳಿದವು.

ಸ್ಟೋರೇಜ್ ಯಾರ್ಡ್‌ಗೆ ಬಿಟ್ಟು ಬರೋಣ ಅಂತ ಹೊರಟೆ. ಮೊದಲ ಸಿಗ್ನಲ್‌ನಲ್ಲಿ ಹಳದಿ ಬಿತ್ತು, ಬ್ರೇಕ್ ಒತ್ತಿದೆ. ಹಿಂದಿನಿಂದ ಕಿರುಚಿದ ಸದ್ದು, ಕನ್ನಡಿ ತುಂಬ ಬಿಳಿ ಹೊಗೆ. ನಾಲ್ಕೂ ಚಕ್ರ ತಿರುಗದೆ ರಸ್ತೆ ಮೇಲೆ ಉಜ್ಜಿಕೊಂಡು ಬಂದವು. ಟ್ರೈಲರ್ ಬಾಲ ಪಕ್ಕದ ಲೇನ್ ಕಡೆಗೆ ವಾಲಿತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಮುಂದೆ ಹೋದರೆ ಧಡ್ ಧಡ್ ಧಡ್. ಇಳಿದು ನೋಡಿದರೆ ಟೈರುಗಳ ಒಂದೊಂದು ಕಡೆ ಅಂಗೈ ಅಗಲ ಸವೆದು ಚಪ್ಪಟೆಯಾಗಿತ್ತು. ನಾಲ್ಕೂ ಟೈರ್ ಬದಲಾಯಿಸಿದೆ. ಕಂಟ್ರೋಲರ್‌ಗೆ ಕೊಟ್ಟಿದ್ದಕ್ಕಿಂತ ಎಷ್ಟೋ ಜಾಸ್ತಿ ಅಲ್ಲೇ ಹೋಯಿತು.

ಅದಕ್ಕೇ ‘5ಕ್ಕೆ ಇಡಲಾ 7ಕ್ಕೆ ಇಡಲಾ’ ಅನ್ನುವ ಪ್ರಶ್ನೆಗೆ ಅರ್ಥವೇ ಇಲ್ಲ ಅಂತೀನಿ. ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಸ್ನೇಹಿತರ 6 ನಿಮ್ಮ 6 ಅಲ್ಲ. ಇವತ್ತಿನ ನಿಮ್ಮ 6 ನಾಳೆ ಟ್ಯಾಂಕ್ ತುಂಬಿದ ಮೇಲೆ, ಮಳೆ ಬಂದ ಮೇಲೆ ಇರುವುದಿಲ್ಲ. ಒಣಗಿದ ಸಮತಟ್ಟು ಜಾಗದಲ್ಲಿ, ಹೊರಡುವಾಗಿನ ತೂಕದಲ್ಲೇ, ಮೊದಲು ಬ್ರೇಕ್ ಸ್ವಲ್ಪ ಬಿಸಿ ಮಾಡಿಕೊಂಡು, 20–25 ಮೈಲಿ ವೇಗದಲ್ಲಿ ಲಿವರ್ ಅದುಮಿ. ಚಕ್ರ ಲಾಕ್ ಆಗುವ ತನಕ ಏರಿಸಿ, ಆಮೇಲೆ ಲಾಕ್ ಆಗದಷ್ಟು ಇಳಿಸಿ. ಅಷ್ಟೇ. ತೂಕ ಬದಲಾದಾಗೆಲ್ಲ, ವೈರಿಂಗ್ ಮುಟ್ಟಿದಾಗೆಲ್ಲ ಮತ್ತೆ ಇದೇ. ಕೊನೇ ಅಂಕಿಗೆ ಹೋದರೂ ಲಾಕ್ ಆಗಲಿಲ್ಲ ಅಂದರೆ ಅಲ್ಲೇ ನಿಲ್ಲಿಸಿ, ಟ್ರೈಲರ್ ಕೆಳಗೆ ನೋಡಿ.

ಕಂಟ್ರೋಲರ್ ಕೊಳ್ಳುವ ಮೊದಲೇ ಟ್ರೈಲರ್ ನೋಡುವುದು ಇನ್ನೂ ಒಳ್ಳೆಯದು. ಚಕ್ರ ಜ್ಯಾಕ್ ಮೇಲೆ ಎತ್ತಿ, ಡ್ರಮ್ ಹಿಂದಿನ ರಬ್ಬರ್ ಮುಚ್ಚಳ ತೆಗೆದರೆ ಹಲ್ಲು ಹಲ್ಲಿನ ಪುಟ್ಟ ಚಕ್ರ ಸಿಗುತ್ತದೆ. ಚಕ್ರ ತಿರುಗಿಸಲು ಕಷ್ಟ ಆಗುವಷ್ಟು ಅದನ್ನು ಬಿಗಿ ಮಾಡಿ, ಆಮೇಲೆ ಬ್ರೇಕ್ ಶೂ ಡ್ರಮ್ಮನ್ನು ಸ್ವಲ್ಪವೇ ಸವರುವಷ್ಟು ಸಡಿಲಿಸಿ. ತಾನಾಗೇ ಅಡ್ಜಸ್ಟ್ ಆಗುವ ಬ್ರೇಕ್ ಇದ್ದರೆ ಈ ಕೆಲಸ ಇಲ್ಲ. ಇಲ್ಲದಿದ್ದರೆ ಸುಮಾರು 3,000 ಮೈಲಿಗೊಮ್ಮೆ ಮಾಡಬೇಕು. ನಿಮಗೆ ಮಾರಿದವರು ಮಾಡಿರುತ್ತಾರೆ ಅಂತ ನಂಬಬೇಡಿ.

ಇನ್ನು ಯಾವುದು ಕೊಳ್ಳುವುದು ಅಂದರೆ, ಪ್ರಪೋರ್ಷನಲ್, ಮಾತೇ ಇಲ್ಲ. ನೀವು ಎಷ್ಟು ಜೋರಾಗಿ ನಿಲ್ಲಿಸುತ್ತೀರೋ ಅಷ್ಟೇ ಜೋರಾಗಿ ಟ್ರೈಲರ್ ಬ್ರೇಕ್ ಹಿಡಿಯುತ್ತದೆ. ಟೈಮ್ ಡಿಲೇ ಅನ್ನುವುದಕ್ಕೆ ನೀವು ಮೆಲ್ಲಗೆ ಒತ್ತಿದ್ದೂ ಗಾಬರಿಯಲ್ಲಿ ಒತ್ತಿದ್ದೂ ಒಂದೇ. ಟ್ರಾಫಿಕ್‌ನಲ್ಲಿ ಬೆನ್ನಿಗೆ ಗುದ್ದಿದ ಹಾಗೆ ಜಗ್ಗುತ್ತಿರುತ್ತದೆ. ಫೋನ್ ಆಪ್‌ನಲ್ಲಿ ನಡೆಸುವವೂ ಬಂದಿವೆ, ನನಗೆ ಬೇಡ. ಟ್ರೈಲರ್ ಬಾಲ ಆಡಿಸತೊಡಗಿದಾಗ ಗಾಡಿಯ ಬ್ರೇಕ್ ಒತ್ತದೆ ಲಿವರ್ ಒಂದನ್ನೇ ಅದುಮಬೇಕು. ಆಗ ಫೋನ್ ಹುಡುಕುತ್ತಾ ಕೂರೋಕಾಗುತ್ತಾ?

ನಿಮ್ಮ ಎಫ್-150 ಹಿಂದೆ ಟ್ರೈಲರ್ ವೈರ್ ಸಿಕ್ಕಿಸುವ 7 ಪಿನ್ ಸಾಕೆಟ್ ಇದೆ ಅಂದಿದ್ದೀರಿ. ಹಾಗಾದರೆ ಮೊದಲು ಡ್ಯಾಶ್ ನೋಡಿ. ಪ್ಲಸ್, ಮೈನಸ್ ಮತ್ತು ಅದುಮುವ ಲಿವರ್ ಇರುವ ಘಟಕ ಇದ್ದರೆ ಕಂಪನಿ ಕಂಟ್ರೋಲರ್ ಆಗಲೇ ಇದೆ, ಏನೂ ಕೊಳ್ಳಬೇಡಿ. ಇಲ್ಲದಿದ್ದರೆ ಡ್ಯಾಶ್ ಕೆಳಗೆ ಸಾಕೆಟ್ ಹುಡುಕಿ, ನಿಮ್ಮ ಮಾಡೆಲ್‌ನ ಹಾರ್ನೆಸ್ ತನ್ನಿ. ಅದೂ ಇಲ್ಲ ಅಂದರೆ ನಾಲ್ಕು ವೈರಿನ ಕೆಲಸ: ಕಪ್ಪು ಬ್ಯಾಟರಿಗೆ ಸರ್ಕ್ಯೂಟ್ ಬ್ರೇಕರ್ ಮೂಲಕ, ಬಿಳಿ ಅರ್ತ್‌ಗೆ, ಕೆಂಪು ಬ್ರೇಕ್ ಪೆಡಲ್‌ನ ಲೈಟ್ ಸ್ವಿಚ್‌ಗೆ, ನೀಲಿ ಹಿಂದಿನ ಸಾಕೆಟ್‌ಗೆ. ಕಂಟ್ರೋಲರ್ ಗಾಡಿ ಹೋಗುವ ದಿಕ್ಕಿಗೆ ನೇರವಾಗಿ ಕೂರಬೇಕು.

‘ಸಣ್ಣ ಟ್ರೈಲರ್, ಬ್ರೇಕ್ ಇಲ್ಲದೇ ನಡೆಯಲ್ವಾ’ ಅಂತಲೂ ಕೇಳಿದ್ದೀರಿ. ಟೆಕ್ಸಾಸ್‌ನಲ್ಲಿ ಒಟ್ಟು ತೂಕ 4,500 ಪೌಂಡ್ ದಾಟಿದರೆ ಹೈವೇ ವೇಗಕ್ಕೆ ಬ್ರೇಕ್ ಬೇಕೇ ಬೇಕು, ಬಹಳ ಕಡೆ 3,000, ಕ್ಯಾಲಿಫೋರ್ನಿಯಾದಲ್ಲಿ 1,500. ಎರಡು ಆಕ್ಸಲ್‌ನ ಟ್ರೈಲರ್ ಸಾಮಾನು ತುಂಬಿದ ಮೇಲೆ ಅದನ್ನು ಸುಲಭವಾಗಿ ದಾಟುತ್ತದೆ. ಅನುಮಾನ ಇದ್ದರೆ ಟ್ರಕ್ ಸ್ಟಾಪ್‌ನಲ್ಲಿ ಗಾಡಿ ತೂಗುವ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿ ನೋಡಿ.

ಟ್ರೈಲರ್ ಕಳಚಿಕೊಂಡರೆ ಬ್ರೇಕ್ ಹಿಡಿಸುವ ಬ್ರೇಕ್‌ಅವೇ ಪಿನ್ನನ್ನೂ ಎಳೆದು ನೋಡಿ. ಎಳೆಯುವ ಮೊದಲು 7 ಪಿನ್ ಪ್ಲಗ್ ಬಿಚ್ಚಿಡಿ, ಕೆಲವು ಕಂಟ್ರೋಲರ್ ಸುಟ್ಟುಹೋಗುತ್ತವೆ. ಪಿನ್ ವಾಪಸ್ ಹಾಕಿ, ಇಲ್ಲದಿದ್ದರೆ ಟ್ರೈಲರ್ ಬ್ಯಾಟರಿ ಖಾಲಿ. ಚಕ್ರದ ಹತ್ತಿರ ಎಷ್ಟು ವೋಲ್ಟ್ ಬಂತು ಅಂತ ಇಲ್ಲೇ ಕೆಳಗೆ ಹಾಕಿ, ನೋಡೋಣ.