ನಾಲ್ಕು ಇಂಚಿನ ಗ್ರೈಂಡರ್‌ನ ಡಿಸ್ಕ್ ಬದಲಿಸುವಾಗ ಏನೇನು ಗಮನಿಸಬೇಕು?

ಮನೆಯ ಗೇಟಿನ ದುರಸ್ತಿಗೆಂದು ನಾಲ್ಕು ಇಂಚಿನ ಆಂಗಲ್ ಗ್ರೈಂಡರ್ ಕೊಂಡಿರುವ ನೀವು ಮೂರು ವಿಷಯಗಳನ್ನು ಕೇಳಿದ್ದೀರಿ: ಬಿಗಿದುಕೊಂಡಿರುವ ನಟ್ಟನ್ನು ಬಿಚ್ಚುವುದು ಹೇಗೆ, ಹೊಸ ಡಿಸ್ಕ್ ಹಾಕುವಾಗ ಆ ನಟ್ಟಿನ ಯಾವ ಮುಖ ಒಳಕ್ಕಿರಬೇಕು, ಇದೇ ಯಂತ್ರಕ್ಕೆ ಐದು ಇಂಚಿನ ಡಿಸ್ಕನ್ನೋ ಮರ ಕೊಯ್ಯುವ ಹಲ್ಲಿನ ಬ್ಲೇಡನ್ನೋ ಹಾಕಬಹುದೇ. ಗೇಟು, ಗ್ರಿಲ್‌ಗಳ ಕೆಲಸ ಮಾಡುವವನಾದ ನಾನು ಮೂರನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಬಿಚ್ಚುವಾಗ ಕೈಗೆ ತರಚಬಹುದು, ಅಷ್ಟೆ. ತಪ್ಪು ಡಿಸ್ಕನ್ನು ಕೂರಿಸಿದರೆ ಆಗುವ ಅನಾಹುತ ಬೇರೆಯದೇ.

ಎರಡನ್ನೂ ಹಾಕಬಾರದು. ನಾಲ್ಕು ಇಂಚಿನ ಯಂತ್ರದ ಡಿಸ್ಕಿಗೆ 16 ಮಿಲಿಮೀಟರ್ ರಂಧ್ರವಿರುತ್ತದೆ, ಐದು ಇಂಚಿನದಕ್ಕೆ 22.23 ಮಿಲಿಮೀಟರ್. ನಡುವಿನ ಸಂದಿಗೆ ವಾಷರ್ ತುರುಕಿ ಕೂರಿಸಿದ ಡಿಸ್ಕ್ ನಡುವಿನಿಂದ ಕೂದಲೆಳೆಯಷ್ಟು ಸರಿದರೂ ಅದರ ಭಾರವೆಲ್ಲ ಒಂದು ಬದಿಗೆ ಎಳೆಯತೊಡಗುತ್ತದೆ. ಅದಲ್ಲದೆ, ಅದು ಗಾರ್ಡಿನೊಳಗೆ, ಅಂದರೆ ಡಿಸ್ಕನ್ನು ಅರ್ಧ ಮುಚ್ಚುವ ಲೋಹದ ಕವಚದೊಳಗೆ, ಹಿಡಿಯದ ಕಾರಣ ಜನ ಗಾರ್ಡನ್ನೇ ಬಿಚ್ಚಿಡುತ್ತಾರೆ. ನನ್ನ ಮಟ್ಟಿಗೆ ಅದು ರಂಧ್ರದ ತೊಂದರೆಗಿಂತಲೂ ದೊಡ್ಡ ತಪ್ಪು. ಏಳು ಇಂಚಿನ ಡಿಸ್ಕಿನ ಮಾತಂತೂ ಎತ್ತಲೇಬಾರದು. ಅದರ ಮೇಲೆ ಸಾಮಾನ್ಯವಾಗಿ 8,500 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಎಂದು ಬರೆದಿರುತ್ತದೆ, ನಿಮ್ಮ ಯಂತ್ರವಾದರೋ ಸುಮಾರು 11,000ದಲ್ಲಿ ತಿರುಗುತ್ತದೆ. ಆ ವೇಗದಲ್ಲಿ ನಾಲ್ಕು ಇಂಚಿನ ಡಿಸ್ಕಿನ ಅಂಚೇ ಗಂಟೆಗೆ 200 ಕಿಲೋಮೀಟರಿಗೂ ಮೀರಿ ಓಡುತ್ತಿರುತ್ತದೆ ಎಂಬುದನ್ನು ನೆನಪಿಟ್ಟರೆ ಉಳಿದದ್ದನ್ನು ನೀವೇ ಊಹಿಸಬಹುದು. ಇನ್ನು ಹಲ್ಲಿನ ಬ್ಲೇಡ್: ಮರದ ಗಂಟಿಗೋ ಮೊಳೆಗೋ ಹಲ್ಲು ಕಚ್ಚಿಕೊಂಡ ಕ್ಷಣದಲ್ಲಿ ಯಂತ್ರ ಕೈಯಿಂದ ಎಗರಿ ಹಿಡಿದವರ ಕಡೆಗೇ ಬರುತ್ತದೆ. ಅಂಗಡಿಯಲ್ಲಿ ಸಿಗುತ್ತದೆ ಎಂದಮಾತ್ರಕ್ಕೆ ಅದು ಈ ಯಂತ್ರಕ್ಕೆ ಯೋಗ್ಯವೆಂದು ತಿಳಿಯಬೇಡಿ.

ಸರಿಯಾದ ಅಳತೆಯ ಡಿಸ್ಕ್ ಕೊಂಡರೂ ಅದರ ಮೇಲೆ ಮುದ್ರಿಸಿರುವ ಆರ್‌ಪಿಎಂ ಯಂತ್ರದ ಫಲಕದಲ್ಲಿರುವ ಅಂಕಿಗಿಂತ ಹೆಚ್ಚಾಗಿರಬೇಕು, ಕಡೇಪಕ್ಷ ಸಮವಾಗಿರಬೇಕು. ನಡುವಿನ ಲೋಹದ ಉಂಗುರದ ಮೇಲೆ ಸಾಮಾನ್ಯವಾಗಿ ತಿಂಗಳು, ವರ್ಷ ಒತ್ತಿರುತ್ತದೆ. ಅದು ತಯಾರಾದ ದಿನವಲ್ಲ, ಬಳಸಬಹುದಾದ ಕೊನೆಯ ಅವಧಿ. ಅಂಟಿನಿಂದ ಬಂಧಿಸಿದ ಈ ಡಿಸ್ಕುಗಳು ತೇವ ಹೀರಿ ಬಲ ಕಳೆದುಕೊಳ್ಳುತ್ತವೆ. ಮಳೆಗಾಲದಲ್ಲಿ ನೆಲದ ಮೇಲೆ ಬಿದ್ದಿದ್ದ, ಅಂಚು ಮುಕ್ಕಾದ ಅಥವಾ ಎತ್ತರದಿಂದ ಬಿದ್ದ ಡಿಸ್ಕನ್ನು ಮುರಿದು ಎಸೆಯಿರಿ, ಇನ್ನೊಬ್ಬರು ಎತ್ತಿಕೊಳ್ಳದಿರಲಿ. ತಟ್ಟಿ ನಾದ ಕೇಳುವ ಪರೀಕ್ಷೆಯನ್ನು ಕೆಲವರು ಹೇಳಿಕೊಡುತ್ತಾರೆ. ಅದು ಬೆಂಚ್ ಗ್ರೈಂಡರ್‌ನ ದಪ್ಪ ಕಲ್ಲಿಗೆ ಸಲ್ಲುವಂಥದ್ದು. ನಾರಿನ ಬಲೆ ಹುದುಗಿಸಿದ ತೆಳು ಡಿಸ್ಕಿನಿಂದ ಅಂಥ ನಾದ ಬರುವುದೇ ಇಲ್ಲ.

ಈಗ ಬಿಚ್ಚುವ ಕೆಲಸ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣಿಗೆ ಕಾಣುವಂತೆ ಇಡಿ. ಈ ಯಂತ್ರಗಳಲ್ಲಿ ಹಲವಕ್ಕೆ ಮುಂದಕ್ಕೆ ತಳ್ಳಿದರೆ ಅಲ್ಲೇ ನಿಲ್ಲುವ ಸ್ವಿಚ್ ಇರುವುದರಿಂದ, ಕೆಲಸದ ನಡುವೆ ಕರೆಂಟ್ ಹೋಗಿ ಅದು ಆನ್ ಆಗಿಯೇ ಉಳಿದಿದ್ದರೆ, ಕರೆಂಟ್ ಬಂದೊಡನೆ ಡಿಸ್ಕ್ ತಾನಾಗಿ ತಿರುಗತೊಡಗುತ್ತದೆ. ಡಿಸ್ಕ್ ಪೂರ್ತಿ ನಿಂತ ಮೇಲೆ ತಲೆಯ ಮೇಲಿನ ಲಾಕ್ ಗುಂಡಿಯನ್ನು ಒತ್ತಿ, ಅದು ಒಳಗೆ ಕಚ್ಚುವವರೆಗೆ ಡಿಸ್ಕನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ನಂತರ ಎರಡು ಮೊಳೆಯ ಸ್ಪ್ಯಾನರನ್ನು ನಟ್ಟಿನ ರಂಧ್ರಗಳಿಗೆ ಕೂರಿಸಿ, ನಟ್ಟನ್ನು ಎದುರಿನಿಂದ ನೋಡುತ್ತ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿ.

ನೀವು ಕೈಯಿಂದ ಹಗುರಾಗಿ ಬಿಗಿದಿದ್ದ ನಟ್ ಇಷ್ಟು ಗಟ್ಟಿಯಾದದ್ದರಲ್ಲಿ ಆಶ್ಚರ್ಯವಿಲ್ಲ. ಕಬ್ಬಿಣಕ್ಕೆ ತಾಗಿದಾಗಲೆಲ್ಲ ಡಿಸ್ಕ್ ತನ್ನನ್ನು ತಿರುಗಿಸುವ ಸ್ಪಿಂಡಲ್ ಎಂಬ ಕಡ್ಡಿಗಿಂತ ಹಿಂದುಳಿಯಲು ನೋಡುತ್ತದೆ, ಆ ಎಳೆತ ನಟ್ಟನ್ನು ಬಿಗಿಯುವ ದಿಕ್ಕಿನಲ್ಲೇ ಇರುವಂತೆ ಯಂತ್ರವನ್ನು ರೂಪಿಸಿರುತ್ತಾರೆ. ಆದ್ದರಿಂದ ಸ್ಪ್ಯಾನರಿಗೆ ಸುತ್ತಿಗೆಯಿಂದ ಹೊಡೆಯಬೇಡಿ. ಆ ಪೆಟ್ಟೆಲ್ಲ ಲಾಕಿನ ಪುಟ್ಟ ಪಿನ್ನಿನ ಮೇಲೆ ಬಿದ್ದು ಅದು ಮುರಿಯುತ್ತದೆ. ಡಿಸ್ಕಿನ ಹಿಂದೆ ಅದಕ್ಕೆ ಆಧಾರವಾಗಿರುವ ಲೋಹದ ಬಿಲ್ಲೆಗೆ, ಅಂದರೆ ಒಳಗಿನ ಫ್ಲೇಂಜಿಗೆ, ಎರಡು ಚಪ್ಪಟೆ ಬದಿಗಳಿದ್ದರೆ ಅದನ್ನು ಸಾಧಾರಣ ಸ್ಪ್ಯಾನರಿನಿಂದ ಹಿಡಿದು ನಟ್ಟನ್ನು ತಿರುಗಿಸುವುದು ಒಳ್ಳೆಯ ದಾರಿ. ಅದೂ ಆಗದಿದ್ದರೆ, ಹಳೆಯ ಡಿಸ್ಕ್ ಹೇಗಿದ್ದರೂ ಸವೆದಿದೆಯಲ್ಲ, ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡು ಅದನ್ನು ಇಕ್ಕಳದಿಂದ ಚೂರುಚೂರಾಗಿ ನಟ್ಟಿನ ಅಡಿಯವರೆಗೂ ಮುರಿದು ತೆಗೆಯಿರಿ. ನಡುವಿನ ಒತ್ತಡ ಕಳೆದ ಮೇಲೆ ನಟ್ ಸುಲಭವಾಗಿ ಸಡಿಲಗೊಳ್ಳುತ್ತದೆ.

ಹೊಸ ಡಿಸ್ಕ್ ಹಾಕುವ ಮೊದಲು ಒಳಗಿನ ಫ್ಲೇಂಜನ್ನು ಒರೆಸಿ ಅದು ಸ್ಪಿಂಡಲ್ ಮೇಲೆ ಸಮನಾಗಿ ಕೂತಿದೆಯೇ ನೋಡಿ. ಅಂಟಿಕೊಂಡ ಒಂದು ಕಿಡಿಯ ಗಂಟು ಕೂಡ ಡಿಸ್ಕನ್ನು ಓಲಾಡಿಸುತ್ತದೆ. ಡಿಸ್ಕಿನ ಮೇಲಿನ ಕಾಗದದ ಲೇಬಲನ್ನು ಕೀಳಬೇಡಿ, ಒತ್ತಡವನ್ನು ಸಮವಾಗಿ ಹರಡುವ ಮೆತ್ತೆ ಅದು. ನಟ್ಟಿಗೆ ಒಂದು ಬದಿ ಚಪ್ಪಟೆ, ಇನ್ನೊಂದು ಬದಿಯಲ್ಲಿ ಉಬ್ಬಿದ ಬಳೆಯಿರುತ್ತದೆ. ಆರು ಮಿಲಿಮೀಟರ್ ದಪ್ಪದ ಗ್ರೈಂಡಿಂಗ್ ವೀಲಿಗೆ ಉಬ್ಬಿದ ಬದಿ ಒಳಕ್ಕೆ, ಒಂದು ಮಿಲಿಮೀಟರ್ ಆಸುಪಾಸಿನ ಕಟಿಂಗ್ ವೀಲಿಗೆ ಚಪ್ಪಟೆ ಬದಿ ಒಳಕ್ಕೆ ಬರಬೇಕು. ತೆಳು ಡಿಸ್ಕಿಗೆ ಉಬ್ಬನ್ನು ಒಳಗಿಟ್ಟರೆ ಅದು ಡಿಸ್ಕನ್ನು ಹಿಡಿಯುವ ಮೊದಲೇ ಒಳಗಿನ ಫ್ಲೇಂಜಿಗೆ ಹೋಗಿ ತಾಗುತ್ತದೆ. ನಟ್ ಬಿಗಿಯಾಯಿತೆಂದು ಕೈಗೆ ಅನಿಸುತ್ತದೆ, ಡಿಸ್ಕ್ ಮಾತ್ರ ಸಡಿಲವಾಗಿಯೇ ಉಳಿಯುತ್ತದೆ. ಲಾಕ್ ಒತ್ತಿ ಹಿಡಿದು ಡಿಸ್ಕನ್ನು ತಿರುಗಿಸಲು ನೋಡಿ, ಅದು ಕದಲಬಾರದು. ಸ್ಪ್ಯಾನರಿನಿಂದ ಹಿತವಾಗಿ ಬಿಗಿದರೆ ಸಾಕು, ಉಳಿದದ್ದನ್ನು ಯಂತ್ರವೇ ಬಿಗಿದುಕೊಳ್ಳುತ್ತದೆ.

ಗಾರ್ಡಿನ ಮುಚ್ಚಿದ ಭಾಗ ನಿಮ್ಮ ಕಡೆಗಿರುವಂತೆ ತಿರುಗಿಸಿ ಬಿಗಿದ ನಂತರ, ಸ್ವಿಚ್ ಆಫ್ ಇರುವುದನ್ನು ನೋಡಿಯೇ ಪ್ಲಗ್ ಹಾಕಿ. ಮುಖಕ್ಕೆ ಕವಚ ಧರಿಸಿ, ಡಿಸ್ಕ್ ತಿರುಗುವ ನೇರದಲ್ಲಿ ನೀವಾಗಲಿ ಇನ್ನೊಬ್ಬರಾಗಲಿ ನಿಲ್ಲದಂತೆ ನೋಡಿಕೊಂಡು, ಯಾವುದಕ್ಕೂ ತಾಗಿಸದೆ ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಓಡಿಸಿ. ನಡುಕ ಕಂಡರೆ ತಕ್ಷಣ ಆರಿಸಿ, ಪ್ಲಗ್ ಕಿತ್ತು ಮತ್ತೆ ಮೊದಲಿನಿಂದ ಕೂರಿಸಿ. ಎರಡನೆಯ ಸಲವೂ ನಡುಗಿದರೆ ಆ ಡಿಸ್ಕನ್ನು ಬಳಸಬೇಡಿ. ಗೇಟಿನ ಬೆಸುಗೆಯ ಉಬ್ಬನ್ನು ಸವರಲು ಮಾತ್ರ ದಪ್ಪ ವೀಲನ್ನೋ ಉಜ್ಜುಕಾಗದದ ಪಟ್ಟಿಗಳನ್ನು ಜೋಡಿಸಿದ ಫ್ಲಾಪ್ ಡಿಸ್ಕನ್ನೋ ಹಾಕಿಕೊಳ್ಳಿ. ಕತ್ತರಿಸಲೆಂದೇ ಮಾಡಿದ ತೆಳು ಡಿಸ್ಕಿನ ಪಕ್ಕೆಯಿಂದ ಉಜ್ಜಿದರೆ ಅದು ಬಾಗಿ ಒಡೆಯುತ್ತದೆ, ಎಷ್ಟೇ ಸರಿಯಾಗಿ ಕೂರಿಸಿದ್ದರೂ ಸರಿ.