ಗುಜರಿಗೆ ಹಾಕುವ ಮುನ್ನ ನನ್ನನ್ನೊಮ್ಮೆ ಕೇಳಿ

(ಕಂಪ್ಯೂಟರ್, ಫೋನು, ಪ್ರಿಂಟರ್ ತಲೆನೋವುಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ. ಅಂಕಣಕಾರರು ಶಿವಮೊಗ್ಗದಲ್ಲಿ ಬಹುಕಾಲ ಡಿಟಿಪಿ ಅಂಗಡಿ ನಡೆಸಿದವರು.)

ನನ್ನ ಲ್ಯಾಪ್‌ಟಾಪ್ 2017ರದ್ದು. ಐ5 ಏಳನೇ ತಲೆಮಾರಿನ ಪ್ರೊಸೆಸರ್, 4 ಜಿಬಿ ರ‍್ಯಾಮ್. ವಿಂಡೋಸ್ 10 ಕಥೆ ಮುಗಿಯಿತು, ಇದಕ್ಕೆ 11 ಹಾಕಲು ಬರುವುದಿಲ್ಲ, ಹೊಸದು ತಗೊಳ್ಳಿ ಅಂತ ಅಂಗಡಿಯವರು ಹೇಳುತ್ತಿದ್ದಾರೆ. ಆನ್ ಮಾಡಿ ಕಾಫಿ ಕುಡಿದು ಬಂದರೂ ತೆರೆದುಕೊಂಡಿರುವುದಿಲ್ಲ ಎನ್ನುವುದೂ ನಿಜ. ಏನು ಮಾಡಲಿ?
— ಉಪನ್ಯಾಸಕಿ, ಹಾಸನ

ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ಸರಿ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿತು. ಹಾಗಂತ ಮರುದಿನ ಬೆಳಿಗ್ಗೆ ಯಾರ ಕಂಪ್ಯೂಟರೂ ಕಣ್ಣು ಮುಚ್ಚಲಿಲ್ಲ. ಇನ್ನು ಮುಂದೆ ಹೊಸ ಭದ್ರತಾ ಲೋಪ ಪತ್ತೆಯಾದರೆ ತೇಪೆ ಹಾಕುವವರಿರುವುದಿಲ್ಲ, ಅಷ್ಟೆ. ಅದು ಸಣ್ಣ ವಿಷಯವಲ್ಲ, ಅದರಲ್ಲೂ ಬ್ಯಾಂಕಿನ ಕೆಲಸವನ್ನೂ ಅದರಲ್ಲೇ ಮಾಡುವವರಿಗೆ. ಆದರೆ ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುವ ಒಂದು ದಾರಿ ಇದೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದು, ಹೆಸರು ನೋಂದಾಯಿಸಿಕೊಳ್ಳುವ ಕೊಂಡಿ ಇದೆಯೇ ನೋಡಿ. ಮೈಕ್ರೋಸಾಫ್ಟ್ ಖಾತೆ ಬೇಕು. ಸೆಟ್ಟಿಂಗ್ಸ್‌ಗಳ ಬ್ಯಾಕಪ್ ಅವರ ಬಳಿ ಇರಲು ಒಪ್ಪಿದರೆ ದುಡ್ಡು ಕೊಡಬೇಕಾಗಿಲ್ಲ. ಅಂಗಡಿಯವರು ಇದನ್ನು ಹೇಳಲಿಲ್ಲ ಅಲ್ಲವೇ? ಹೇಳಿದರೆ ಅವರಿಗೇನು ಗಿಟ್ಟುತ್ತದೆ!

ವಿಂಡೋಸ್ 11 ಬಾರದಿರುವುದಕ್ಕೆ ಕಾರಣ ನಿಮ್ಮ ಯಂತ್ರದ ದೌರ್ಬಲ್ಯವಲ್ಲ. ಬೆರಳೆಣಿಕೆಯ ಮಾದರಿಗಳನ್ನು ಬಿಟ್ಟರೆ ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರ್‌ಗಳನ್ನು ಮೈಕ್ರೋಸಾಫ್ಟ್ ಪಟ್ಟಿಯಿಂದಲೇ ಕೈಬಿಟ್ಟಿದೆ. ನಿಮ್ಮದು ಒಂದೇ ತಲೆಮಾರಿನಿಂದ ತಪ್ಪಿಹೋಯಿತು. ಪಟ್ಟಿಯನ್ನು ಮೀರಿ 11 ಹಾಕಿಕೊಡುವವರೂ ಇದ್ದಾರೆ. ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಎಂದು ಕಂಪನಿ ಮಾತು ಕೊಟ್ಟಿಲ್ಲ. ನಾನಂತೂ ಹಾಕಿಸಿಕೊಳ್ಳಿ ಎನ್ನುವುದಿಲ್ಲ.

ನಿಧಾನದ ಕಥೆಯೇ ಬೇರೆ. ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವಕ್ಕೆ ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್‌ಡಿಸ್ಕ್ ಹಾಕಿರುತ್ತಿದ್ದರು. ನೀವು ಕಾಫಿ ಕುಡಿದು ಬರುವುದು ಅದಕ್ಕಾಗಿಯೇ. ಅದನ್ನು ತೆಗೆಸಿ, ತಿರುಗುವ ಭಾಗವೇ ಇಲ್ಲದೆ ಚಿಪ್‌ಗಳಲ್ಲೇ ಎಲ್ಲವನ್ನೂ ಇಡುವ 256 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಜಿಬಿಗೆ ಏರಿಸಿ. ಕಾಫಿ ಆರುವುದರೊಳಗೆ ಅಲ್ಲ, ಕುಡಿಯಲು ಎದ್ದು ನಿಲ್ಲುವುದರೊಳಗೆ ಪರದೆ ಸಿದ್ಧವಿರುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಗಗನಕ್ಕೇರಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನೆಲ್ಲ ಬಾಚಿಕೊಳ್ಳುತ್ತಿರುವುದರ ಫಲ ಅದು. ಹೀಗಾಗಿ ಕೈಗೆಟುಕದಿದ್ದರೆ ಮೊದಲು ಎಸ್‌ಎಸ್‌ಡಿ ಒಂದನ್ನೇ ಹಾಕಿಸಿ. ಹೊಸ ಲ್ಯಾಪ್‌ಟಾಪ್‌ಗಳ ಬೆಲೆಗೂ ಅದೇ ಬಿಸಿ ತಟ್ಟಿರುವುದರಿಂದ, ಇರುವುದನ್ನು ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾಲ ಬರಲಿಕ್ಕಿಲ್ಲ.

2026ರ ಅಕ್ಟೋಬರ್ ಕಳೆದ ಮೇಲೆ ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಳ್ಳಬಹುದು. ಹಾಕುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ, ಡಿಸ್ಕಿನಲ್ಲಿ ಏನನ್ನೂ ಮುಟ್ಟುವುದಿಲ್ಲ. ಪಾಠದ ಟಿಪ್ಪಣಿ, ಅಂಕಪಟ್ಟಿ, ವೀಡಿಯೊ ಎಲ್ಲಕ್ಕೂ ಸಾಕು. ಸ್ಲೈಡುಗಳ ಅಕ್ಷರ ಆಚೀಚೆ ಸರಿಯಬಹುದು, ಕಾಲೇಜಿನ ಪ್ರೊಜೆಕ್ಟರ್ ಮುಂದೆ ನಿಲ್ಲುವ ಮೊದಲು ಪಿಡಿಎಫ್ ಮಾಡಿಟ್ಟುಕೊಳ್ಳಿ. ಲೆಕ್ಕಪತ್ರದ ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ್ದು, ಅದನ್ನು ಬಳಸುವವರು ಮಾತ್ರ ಇತ್ತ ತಲೆ ಹಾಕದಿರುವುದು ಕ್ಷೇಮ.

2003ರಿಂದ ನುಡಿ ತಂತ್ರಾಂಶದಲ್ಲಿ ಬರೆದಿಟ್ಟ ಲೇಖನ, ಊರಿನ ದೇವಸ್ಥಾನದ ಇತಿಹಾಸ, ಕೆಲವು ಪದ್ಯ ಎಲ್ಲ ಒಂದು ಸಿ.ಡಿ.ಯಲ್ಲಿವೆ. ಮಗ ಹೊಸ ಕಂಪ್ಯೂಟರ್ ತಂದುಕೊಟ್ಟ. ಅದರಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ಏನೇನೋ ಚಿತ್ತಾರ. ಫೈಲ್ ಕೆಟ್ಟಿದೆ, ಮತ್ತೆ ಟೈಪ್ ಮಾಡಿಸಿ ಅಂದ. ಸುಮಾರು ನಾನೂರು ಪುಟ ಇದೆ ಸ್ವಾಮೀ!
— ನಿವೃತ್ತ ಶಿಕ್ಷಕರು, ಶಿರಸಿ

ಮೇಷ್ಟ್ರೇ, ಒಂದಕ್ಷರವೂ ಕೆಟ್ಟಿಲ್ಲ. ಸಿ.ಡಿ.ಗೆ ಗೀರು ಬಿದ್ದಿಲ್ಲವಷ್ಟೆ? ಮೊದಲು ಅದರಲ್ಲಿರುವುದನ್ನೆಲ್ಲ ಕಂಪ್ಯೂಟರಿಗೂ ಒಂದು ಪೆನ್‌ಡ್ರೈವಿಗೂ ನಕಲು ಮಾಡಿಸಿ. ಮನೆಯಲ್ಲಿ ನಕಲಿಳಿಸಿದ ಸಿ.ಡಿ.ಗಳನ್ನು ಇಷ್ಟು ವರ್ಷದ ಮೇಲೆ ನಂಬಬಾರದು. ಉಳಿದದ್ದು ಆಮೇಲೆ.

ಆಗಿರುವುದು ಇಷ್ಟು. ಆಗಿನ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಮನೆ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ನಿಮ್ಮ ಫೈಲಿನಲ್ಲಿ 'ಕ' ಇರಬೇಕಾದ ಕಡೆ ಇಂಗ್ಲಿಷಿನ 'ಪಿ' ಮತ್ತು ತಲೆಯ ಮೇಲೆ ಗೀರಿರುವ ಒಂದು 'ಎ' ಕಾಣುತ್ತಿರಬೇಕು. 'ನ' ಇರಬೇಕಾದ ಕಡೆ ಪೌಂಡ್ ಗುರುತು. ನುಡಿ ಫಾಂಟ್ ಇದ್ದರೆ ಅದೇ ಸಂಕೇತಗಳು ಕನ್ನಡವಾಗಿ ತೋರುತ್ತವೆ, ಇಲ್ಲದಿದ್ದರೆ ಚಿತ್ತಾರವಾಗುತ್ತವೆ. ಡಿಟಿಪಿಯವರು ಇದನ್ನು 'ಆಸ್ಕಿ' ಎನ್ನುತ್ತಾರೆ. ಪಂಡಿತರು ಆ ಹೆಸರು ತಪ್ಪೆಂದು ಜಗಳಕ್ಕೆ ಬಂದಾರು. ಅಂಗಡಿಯಲ್ಲಿ ಹಾಗಂದರೇ ಅರ್ಥವಾಗುವುದು.

ಆದ್ದರಿಂದ ಮೊದಲ ಕೆಲಸ: ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವನ್ನು ಹೊಸ ಕಂಪ್ಯೂಟರಿನಲ್ಲಿ ಹಾಕಿಸಿ, ಫೈಲ್ ತೆರೆದು, ಎಲ್ಲವನ್ನೂ ಆರಿಸಿ, ಆಗ ಬಳಸಿದ ನುಡಿ ಫಾಂಟನ್ನೇ ಕೊಡಿ. ಪದ್ಯಗಳು ಎದ್ದು ಕೂರುತ್ತವೆ. ಓದುವುದಷ್ಟೇ ಬೇಕಿದ್ದರೆ ಇಲ್ಲಿಗೇ ನಿಲ್ಲಿಸಬಹುದು.

ಆದರೆ ನಿಲ್ಲಿಸಬೇಡಿ. ಅವನ್ನು ಯೂನಿಕೋಡಿಗೆ ತನ್ನಿ, ಅಂದರೆ ಕನ್ನಡದ ಅಕ್ಷರಗಳಿಗೆ ಸ್ವಂತ ಸಂಕೇತಗಳಿರುವ ಪದ್ಧತಿಗೆ. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ 128 ಸ್ಥಾನಗಳ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಕೂಡ ಬಂತು. ಹಾಗಿದ್ದೂ ನಾವೆಲ್ಲ ಅದಾದ ಮೇಲೂ ವರ್ಷಗಟ್ಟಲೆ ಆಸ್ಕಿಯಲ್ಲೇ ಕುಳಿತದ್ದೇಕೆ ಅಂತ ಹುಡುಗರು ಕೇಳುತ್ತಾರೆ. ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್ ಕಾರಣ! ಮದುವೆ ಕಾಗದದಿಂದ ವಾರಪತ್ರಿಕೆವರೆಗೆ ಸಕಲವೂ ಅದರಲ್ಲೇ ತಯಾರಾಗುತ್ತಿತ್ತು, ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿರಲಿಲ್ಲ. 2001ರಲ್ಲಿ ಬಂದ ಏಳನೇ ಆವೃತ್ತಿಯೇ ಅದರ ಕೊನೆ. ಆದರೂ ಇವತ್ತಿಗೂ ಅದನ್ನೇ ಓಡಿಸುವ ಮುದ್ರಣಾಲಯಗಳನ್ನು ನಾನು ಬಲ್ಲೆ. ಲೇಖಕರಿಂದ ಯೂನಿಕೋಡಿನಲ್ಲಿ ಬಂದದ್ದನ್ನು ಮತ್ತೆ ಆಸ್ಕಿಗೆ ಇಳಿಸಿ ಪುಟ ಕಟ್ಟುತ್ತಾರೆ. ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ನಿಮ್ಮ ದೇವಸ್ಥಾನದ ಇತಿಹಾಸ ಆಸ್ಕಿಯಲ್ಲೇ ಉಳಿದರೆ ಅದನ್ನು ಗೂಗಲ್ ಕನ್ನಡವೆಂದು ಗುರುತಿಸಿ ಹುಡುಕಿಕೊಡುವುದಿಲ್ಲ, ಮೊಮ್ಮಗನ ಫೋನಿನಲ್ಲಿ ಓದಲು ಬರುವುದಿಲ್ಲ. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ, ನುಡಿಯ ಜೊತೆಗೂ ಬರುತ್ತದೆ. ನಾನೂರು ಪುಟ ಅದಕ್ಕೆ ಲೆಕ್ಕಕ್ಕಿಲ್ಲ. ತಿದ್ದುವ ಕೆಲಸ ಮಾತ್ರ ನಿಮ್ಮದೇ. ನಡುನಡುವೆ ಇಂಗ್ಲಿಷ್ ಪದ ಬರೆದಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದೇ ನಂಬಿ ಕಲಸಿಬಿಡುತ್ತದೆ. ಅಂಥ ಕಡೆ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ಒತ್ತಕ್ಷರ, ಅರ್ಕಾವತ್ತುಗಳ ಮೇಲೂ ಕಣ್ಣಿರಲಿ. 'ರ‍್ಯಾಂಕ್', 'ರ‍್ಯಾಲಿ'ಯಂಥ ಪದಗಳಲ್ಲಿ ರಕಾರ ತಲೆ ಎತ್ತಿ ನಿಲ್ಲಲು ಯೂನಿಕೋಡಿನಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕ ಬೇಕು, ಅದು ತಪ್ಪಿದರೆ 'ರ್ಯಾಂಕ್' ಎಂದು ಅರ್ಕಾವತ್ತಾಗಿ ಬಿದ್ದಿರುತ್ತದೆ. ದೇವಸ್ಥಾನದ ಇತಿಹಾಸದಲ್ಲಿ ರ‍್ಯಾಂಕ್ ಬಂದವರು ಕಡಿಮೆ ಎಂದುಕೊಂಡಿದ್ದೇನೆ.

ಮೂಲ ಫೈಲುಗಳನ್ನು ಅಳಿಸಬೇಡಿ. ಕೀಲಿಮಣೆಯನ್ನು ಹೊಸದಾಗಿ ಕಲಿಯಬೇಕೇ ಎಂಬ ಭಯವಿದ್ದರೆ ಬಿಟ್ಟುಬಿಡಿ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಅದೇ ನುಡಿ ಕೀಲಿಗಳು ಯೂನಿಕೋಡಿನಲ್ಲೂ ನಡೆಯುತ್ತವೆ. ಬೆರಳಿಗೆ ವ್ಯತ್ಯಾಸವೇ ಗೊತ್ತಾಗದು.

ಮನೆಯ ಹಳೇ ಡೆಸ್ಕ್‌ಟಾಪ್ ಪ್ರತಿ ಸಲ ಆನ್ ಮಾಡಿದಾಗಲೂ ಹಳೆಯ ಯಾವುದೋ ಇಸವಿ ತೋರಿಸುತ್ತದೆ. ಯಾವ ವೆಬ್‌ಸೈಟೂ ತೆರೆಯುವುದಿಲ್ಲ, 'ಸುರಕ್ಷಿತವಲ್ಲ' ಎನ್ನುತ್ತದೆ. ವೈರಸ್ಸೇ?
— ದಾವಣಗೆರೆ

ಅಲ್ಲ. ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್2032, 3 ವೋಲ್ಟ್. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದೇ. ಅದು ಮುಗಿದಿದೆ. ವೆಬ್‌ಸೈಟುಗಳ ಪ್ರಮಾಣಪತ್ರಕ್ಕೆ ಆರಂಭದ ದಿನ, ಕೊನೆಯ ದಿನ ಇರುತ್ತವೆ. ನಿಮ್ಮ ಕಂಪ್ಯೂಟರ್ ಹಳೇ ಇಸವಿಯಲ್ಲಿ ನಿಂತಿರುವುದರಿಂದ ಅದಕ್ಕೆ ಅವೆಲ್ಲ ಇನ್ನೂ ಹುಟ್ಟದ ಪತ್ರಗಳು. ಗಡಿಯಾರದ ಅಂಗಡಿಯಲ್ಲೂ ಆ ಸೆಲ್ ಸಿಗುತ್ತದೆ. ಪ್ಲಗ್ ಕಿತ್ತು ಬದಲಾಯಿಸಿ, ದಿನಾಂಕ ಸರಿಮಾಡಿ. ಇದಕ್ಕೆ ಯಾರಾದರೂ 'ಸರ್ವಿಸ್ ಚಾರ್ಜ್' ಅಂತ ನಾಲ್ಕಂಕಿ ಕೇಳಿದರೆ ಕಂಪ್ಯೂಟರ್ ಎತ್ತಿಕೊಂಡು ಮನೆಗೆ ಬನ್ನಿ.

128 ಜಿಬಿ ಅಂತ ಕೊಂಡ ಪೆನ್‌ಡ್ರೈವ್ ಕಂಪ್ಯೂಟರಿನಲ್ಲಿ 119 ತೋರಿಸುತ್ತದೆ. ಮೋಸವಲ್ಲವೇ?
— ಪಿಯುಸಿ ವಿದ್ಯಾರ್ಥಿ, ಬಳ್ಳಾರಿ

ಮೋಸವಲ್ಲ, ಎರಡು ಬಗೆಯ ಎಣಿಕೆ. ತಯಾರಿಸುವವರಿಗೆ ಒಂದು ಜಿಬಿ ಎಂದರೆ ನೂರು ಕೋಟಿ ಬೈಟ್. ವಿಂಡೋಸ್ 1024ರ ಲೆಕ್ಕ ಹಿಡಿಯುವುದರಿಂದ ಅದಕ್ಕೆ ಒಂದು ಜಿಬಿ ಎಂದರೆ 107 ಕೋಟಿ ಚಿಲ್ಲರೆ. ಭಾಗಿಸಿ ನೋಡು, 119 ಬರುತ್ತದೆ. ಒಂದು ಟಿಬಿ ಕೊಂಡರೆ 931 ಎಂದು ತೋರಿಸುತ್ತದೆ, ಆಗ ಬೈಯಬೇಡ. ಮುನ್ನೂರು ರೂಪಾಯಿಗೆ 2 ಟಿಬಿ ಅಂತ ಮಾರುತ್ತಾರಲ್ಲ, ಮೋಸ ಅಂದರೆ ಅದು.

ನಾನು ದುಬೈನಲ್ಲಿದ್ದೇನೆ, ಅಮ್ಮ ಉಡುಪಿಯಲ್ಲಿ ಒಬ್ಬರೇ. ಅವರ ಫೋನಿನಲ್ಲಿ ದಿನಾ ಏನಾದರೊಂದು ತೊಂದರೆ. ನಾನು ಇಲ್ಲಿಂದಲೇ ಅವರ ಪರದೆ ನೋಡಿ ಸರಿಮಾಡಲು ಯಾವ ಆ್ಯಪ್ ಒಳ್ಳೆಯದು?
— ಓದುಗ, ದುಬೈ

ಒಳ್ಳೆಯ ಆ್ಯಪ್‌ಗಳಿವೆ, ಹೆಸರು ಹೇಳುವುದಿಲ್ಲ. ದೂರದಿಂದ ಫೋನ್ ಹಿಡಿತಕ್ಕೆ ತೆಗೆದುಕೊಳ್ಳುವ ಇಂಥವೇ ಆ್ಯಪ್‌ಗಳನ್ನು 'ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ' ಎನ್ನುವ ಕಳ್ಳರೂ ಹಾಕಿಸುತ್ತಾರೆ. 'ಮಗ ಹೇಳಿದ ಆ್ಯಪ್, ತೆರೆದು ಅದು ತೋರಿಸುವ ಸಂಪರ್ಕದ ಅಂಕಿ ಓದಿಹೇಳುವುದು' ಎಂದು ಅಮ್ಮನಿಗೆ ಒಮ್ಮೆ ರೂಢಿಯಾದರೆ, ನಾಳೆ ಬೇರೆ ಯಾರೋ ಕೇಳಿದಾಗಲೂ ಓದಿಹೇಳುತ್ತಾರೆ. ಬದಲಿಗೆ ಮುಂದಿನ ಸಲ ಊರಿಗೆ ಬಂದಾಗ ಒಂದು ಮಧ್ಯಾಹ್ನ ಅಮ್ಮನ ಫೋನ್ ಹಿಡಿದು ಕೂರಿ. ಅಕ್ಷರದ ಗಾತ್ರ ದೊಡ್ಡದು ಮಾಡಿ, ಮೊದಲ ಪರದೆಯಲ್ಲಿ ಅವರಿಗೆ ಬೇಕಾದವಷ್ಟೇ ಇರಲಿ, ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡ ಸೇರಿಸಿ ಮೈಕ್ ಒತ್ತಿ ಮಾತಾಡುವುದನ್ನು ಕಲಿಸಿ. ಕುಂದಾಪ್ರ ಕನ್ನಡವಾದರೆ ತುಸು ತಡವರಿಸುತ್ತದೆ, ಅಮ್ಮ ಅದನ್ನು ಬೈದುಕೊಂಡೇ ಬಳಸುತ್ತಾರೆ. ಮತ್ತೊಂದನ್ನು ಕಾಗದದಲ್ಲಿ ಬರೆದು ಫೋನ್ ಇಡುವ ಕಡೆ ಅಂಟಿಸಿ: ದುಡ್ಡು ಬರಬೇಕಾದರೆ ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಎಂದೇ ತಿಳಿಯಬೇಕು.

ಮನೆಗೆ ಪ್ರಿಂಟರ್ ಬೇಕು. ಇಂಕ್‌ಟ್ಯಾಂಕ್ ತಗೊಳ್ಳಲೋ, ಲೇಸರ್ ತಗೊಳ್ಳಲೋ? ತಿಂಗಳಿಗೆ ನಾಲ್ಕೈದು ಪುಟ ಬೇಕಾಗಬಹುದು.
— ಗೃಹಿಣಿ, ತುಮಕೂರು

ಎರಡೂ ಬೇಡ. ನಾಲ್ಕೈದು ಪುಟಕ್ಕೆ ಇಂಕ್‌ಟ್ಯಾಂಕ್ ಕೊಂಡರೆ ಅದರ ಮುದ್ರಿಸುವ ತಲೆಯಲ್ಲಿ ಶಾಯಿ ಒಣಗುತ್ತದೆ, ಅದನ್ನು ತೊಳೆಯಲು ಇನ್ನಷ್ಟು ಶಾಯಿ ಸುರಿಯುತ್ತೀರಿ. ಹಟ ಹಿಡಿದರೆ ಕಪ್ಪು-ಬಿಳುಪಿನ ಲೇಸರ್ ಕೊಳ್ಳಿ. ಅದರ ಟೋನರ್ ಪುಡಿ, ಆರು ತಿಂಗಳು ಮುಟ್ಟದಿದ್ದರೂ ಒಣಗುವ ಮಾತಿಲ್ಲ. ಇಲ್ಲವಾದರೆ ಬೀದಿ ತುದಿಯ ಜೆರಾಕ್ಸ್ ಅಂಗಡಿಯೇ ವಾಸಿ. ಆಧಾರ್ ಪ್ರತಿ ತೆಗೆಸುವುದಿದ್ದರೆ ಮಾತ್ರ ಮೊದಲ ಎಂಟು ಅಂಕಿ ಮರೆಮಾಡಿದ ಪ್ರತಿಯನ್ನು ಆಧಾರ್ ಕೊಡುವ ಯುಐಡಿಎಐ ಸಂಸ್ಥೆಯ ತಾಣದಿಂದ ಇಳಿಸಿಕೊಂಡು ಒಯ್ಯಿರಿ. ಅಂಗಡಿಯವನ ವಾಟ್ಸ್‌ಆ್ಯಪಿಗೆ ಕಳಿಸಿದ್ದರೆ, ಪ್ರಿಂಟ್ ಕೈಗೆ ಬಂದ ಮೇಲೆ ಅಲ್ಲೇ ನಿಂತು ಅವನ ಕಡೆಯಿಂದಲೂ ಅಳಿಸಿಸಿ. ಮುಖ ಸಿಂಡರಿಸಿದರೂ ಅಳಿಸುತ್ತಾನೆ.